ಕ್ಯಾಮೆರಾ ಕೇಳಿಸಿಕೊಂಡ ಹೂಂ

ನನ್ನ ಬೋಳುತಲೆಯ ಹಿಂಭಾಗ ಹೇಗಿದೆಯೆಂದು ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಗದಗಿನ ನಮ್ಮ ಕಾಲೇಜಿನ ತರಗತಿಗೆ ಕ್ಯಾಮೆರಾ ಬಂದ ಮೇಲೆ ಅದನ್ನು ನಾನೂ ನೋಡಿದೆ, ಬೆಟಗೇರಿಯ ನನ್ನ ಓಣಿಯವರೂ ನೋಡಿದರು. ಕಟಿಂಗ್ ಅಂಗಡಿಯವನು, "ಹಿಂದ ಇನ್ನೊಂದೀಟು ಉಳದಾವ್ರಿ ಸರ್, ಧೈರ್ಯಾ ಬಿಡಬ್ಯಾಡ್ರಿ" ಎಂದು ಸಮಾಧಾನ ಹೇಳಿದ.

ಸುತ್ತೋಲೆ ಬಂದದ್ದು ಒಳ್ಳೆಯ ಉದ್ದೇಶದಿಂದಲೇ. ಪಾಠಗಳನ್ನು ಚಿತ್ರೀಕರಿಸಿ ಇಂಟರ್ನೆಟ್ಟಿಗೆ ಹಾಕಬೇಕು, ಬರಲಾಗದವರು ಮನೆಯಲ್ಲೇ ನೋಡಿಕೊಳ್ಳಬೇಕು. ಶಿರಹಟ್ಟಿಯ ಬಸ್ಸು ಕೈಕೊಟ್ಟ ದಿನ, ಮುಂಡರಗಿಯ ಹುಡುಗನಿಗೆ ಜ್ವರ ಬಂದ ದಿನ ಇದರಿಂದ ಉಪಕಾರವಾಯಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ತೊಂದರೆ ಶುರುವಾದದ್ದು ಪ್ಲಗ್ಗಿನಿಂದ. ಇಡೀ ಕೋಣೆಯಲ್ಲಿ ಕರೆಂಟು ಬರುವ ಪ್ಲಗ್ಗು ಒಂದೇ, ಅದೂ ಕರಿಹಲಗೆಯ ಮೇಲ್ಗಡೆ. ಮತ್ತೆ ವೈರು ಎಳೆಯುವ ಉಸಾಬರಿ ಯಾಕೆಂದು ಕ್ಯಾಮೆರಾವನ್ನೂ ಅಲ್ಲಿಯೇ ಕೂರಿಸಿಬಿಟ್ಟರು. ಹೀಗಾಗಿ ಪಾಠದ ವಿಡಿಯೋದಲ್ಲಿ ಪಾಠ ಮಾಡುವವನ ಮುಖ ಕಾಣುವುದಿಲ್ಲ, ಬೋರ್ಡೂ ಕಾಣುವುದಿಲ್ಲ. ಆಕಳಿಸುವ, ಬೆಂಚಿನ ಕೆಳಗೆ ಡಬ್ಬಿ ಬಿಚ್ಚುವ, ಗೆಳತಿಯ ಜಡೆ ಸರಿಮಾಡುವ ಮಕ್ಕಳು ಮಾತ್ರ ಬಹಳ ಸ್ಪಷ್ಟವಾಗಿ ಕಾಣುತ್ತಾರೆ. ಕೆಳಗಿನ ಅಂಚಿನಲ್ಲಿ ನನ್ನ ಬೋಳು ಆಗಾಗ ಮೂಡಿ ಮುಳುಗುತ್ತಿರುತ್ತದೆ. ಇದಕ್ಕೆ ಸಮಾಜಶಾಸ್ತ್ರದ ಪಾಠವೆಂದು ಹೆಸರು.

ಸುತ್ತೋಲೆಯ ಕೊನೆಯಲ್ಲಿ ‘ವಿದ್ಯಾರ್ಥಿಗಳ ಒಪ್ಪಿಗೆ ಪಡೆಯತಕ್ಕದ್ದು’ ಎಂದೂ ಇತ್ತು. ನಮ್ಮ ಪ್ರಿನ್ಸಿಪಾಲರು ಅದನ್ನು ಪಡೆದ ರೀತಿ ನೋಡುವಂಥದ್ದು. ತರಗತಿಗೆ ಬಂದರು, ಕ್ಯಾಮೆರಾ ಚಾಲೂ ಮಾಡಿಸಿದರು, "ಎಲ್ಲಾರಿಗೂ ಒಪ್ಪಿಗಿ ಐತಿ, ಹೌದಿಲ್ಲೋ?" ಎಂದು ಗುಡುಗಿದರು. "ಹೂಂ ರೀ ಸರ್!" ಎಂದು ತರಗತಿ ಒಕ್ಕೊರಲಿನಿಂದ ಕೂಗಿತು. ಒಪ್ಪಿಗೆ ಕೇಳುವ ಮೊದಲೇ ಕ್ಯಾಮೆರಾ ಓಡುತ್ತಿತ್ತಲ್ಲ ಎಂಬ ಸಂದೇಹ ನನ್ನ ತಲೆಯ ಒಳಗೆ ಬಂತು. ಆದರೆ ಚಿತ್ರೀಕರಣವಾಗುತ್ತಿದ್ದದ್ದು ತಲೆಯ ಹೊರಗೆ ಮಾತ್ರ.

ನಮ್ಮ ಕಡೆಯ ಹೂಂ ಬಗ್ಗೆ ಇಲ್ಲಿ ಒಂದೆರಡು ಮಾತು ಹೇಳಲೇಬೇಕು. ಅಜ್ಜಿ ಕತೆ ಹೇಳುವಾಗ ನಾವು ಹೂಂಗುಟ್ಟದಿದ್ದರೆ ರಾಜಕುಮಾರಿ ಬಾವಿಯ ದಂಡೆಯಲ್ಲೇ ನಿಂತಿರುತ್ತಿದ್ದಳು. ಆ ಹೂಂ ಎಂದರೆ ‘ಎಚ್ಚರ ಇದ್ದೇನೆ’ ಎಂದಷ್ಟೇ. ಬೀಗರು ಉಪದೇಶ ಮಾಡುವಾಗಿನ ಹೂಂ ಎಂದರೆ ‘ಮುಗಿಸಿ, ಊಟಕ್ಕೆ ಏಳೋಣ’. ಹೆಂಡತಿ "ನಾ ಹೇಳಿದ್ದು ಕೇಳಿಸ್ತೇನ್ರಿ?" ಎಂದಾಗ ಹೊರಡುವ ಹೂಂ, ಕೇಳಿಸಿಲ್ಲ ಎಂಬುದಕ್ಕೆ ಪುರಾವೆ. ಪ್ರಿನ್ಸಿಪಾಲರ ಮುಂದಿನ ಹೂಂ ಎಂದರೆ ‘ನೀವಿನ್ನು ಹೊರಡಿ’. ಇಷ್ಟೆಲ್ಲ ಹೂಂಗಳ ನಡುವೆ ಒಪ್ಪಿಗೆಯ ಹೂಂ ಬಹಳ ಅಪರೂಪ. ಊಹೂಂ ಅನ್ನಲು ಧೈರ್ಯವಿದ್ದವರ ಬಾಯಿಂದ ಮಾತ್ರ ಅದು ಬರುತ್ತದೆ.

ಅಂದು ಹೂಂ ಅಂದವರಲ್ಲಿ ರೇಣುಕಾ ಒಬ್ಬಳು. ಹಿರೇವಡ್ಡಟ್ಟಿಯಿಂದ ಬಸ್ಸಿಗೆ ಬರುವ ಹುಡುಗಿ. ಅವಿಭಕ್ತ ಕುಟುಂಬದ ಪಾಠ ನಡೆದಿತ್ತು. ‘ಒಂದೇ ಸೂರು, ಒಂದೇ ಒಲೆ’ ಎಂದು ನಾನು ನೋಟ್ಸು ಬರೆಸುತ್ತಿದ್ದೆ. ಅವಳು ಎದ್ದು ನಿಂತಳು.

"ಸರ್, ನಮ್ಮನ್ಯಾಗ ಬಾಗಲಾ ಒಂದ ಐತ್ರಿ, ಒಲಿ ಎರಡ ಅದಾವ್ರಿ. ದೊಡ್ಡವ್ವಂದ ಬ್ಯಾರೆ, ಅವ್ವಂದ ಬ್ಯಾರೆ. ಬೀಗರು ಬಂದ್ರ ಅಷ್ಟ ಒಂದ ಒಲಿ ಹಚ್ಚತೀವ್ರಿ. ನಾವು ಕೂಡಿದವರೋ, ಬ್ಯಾರೆ ಆದವರೋ?"

ಬೀಗರು ಬಂದಾಗ ಮಾತ್ರ ಅವಿಭಕ್ತವಾಗುವ ಕುಟುಂಬ! ಇಷ್ಟು ವರ್ಷದ ನನ್ನ ನೋಟ್ಸಿನಲ್ಲಿ ಇಂಥದೊಂದು ಇರಲಿಲ್ಲ. ನನಗೆ ಕುಣಿದಾಡುವಷ್ಟು ಖುಷಿಯಾಯಿತು. ತರಗತಿ ನಕ್ಕಿತು, ಅವಳೂ ನಕ್ಕಳು.

ಯಾರೋ ಪುಣ್ಯಾತ್ಮರು ಆ ತುಣುಕನ್ನಷ್ಟೇ ಕತ್ತರಿಸಿ ವಾಟ್ಸಾಪಿಗೆ ಬಿಟ್ಟರು. ಲಕ್ಷ್ಮೇಶ್ವರದಲ್ಲಿ ಅದನ್ನು ನೋಡಿದವರಲ್ಲಿ ರೇಣುಕಾಳ ಅಣ್ಣನಿಗೆ ಹೆಣ್ಣು ಕೊಡಬೇಕೆಂದಿದ್ದವರೂ ಇದ್ದರು. ಆ ಒಂದು ಒಲೆಯ ಅಡುಗೆ ಉಂಡು, ‘ಕೂಡಿದ ಮನಿ’ ಎಂದು ಮೆಚ್ಚಿ ಹೋದವರು. ಮದುವೆಯ ಮಾತು ನಿಂತಿತು. ರೇಣುಕಾ ಕಾಲೇಜಿಗೆ ಬರುವುದೂ ನಿಂತಿತು.

ಅವಳ ಅಪ್ಪ ಕಾಲೇಜಿಗೆ ಬಂದರು. ಪ್ರಿನ್ಸಿಪಾಲರು ನನ್ನನ್ನೂ ಕರೆಸಿ, ಮೊದಲು ಬಾಗಿಲು ಹಾಕಿಸಿದರು, ಜವಾನನನ್ನು ಚಹಾ ತರಲು ಕಳಿಸಿದರು, ತಮ್ಮ ಕೋಣೆಯ ಕ್ಯಾಮೆರಾ ಬಂದ್ ಮಾಡಿದರು. "ಇದು ನಮ್ಮ ನಮ್ಮೊಳಗಿನ ಮಾತು ನೋಡ್ರಿ" ಎಂದರು. ಖಾಸಗಿತನವೆಂದರೇನೆಂದು ನಮ್ಮ ಕಾಲೇಜಿಗೆ ಗೊತ್ತಿಲ್ಲವೆಂದು ಇನ್ನು ಯಾರೂ ಹೇಳಬಾರದು. ಚೆನ್ನಾಗಿ ಗೊತ್ತಿದೆ. ಅದು ಯಾರಿಗೆ ಸಲ್ಲಬೇಕೆಂಬ ವಿಷಯದಲ್ಲಿ ಮಾತ್ರ ಸ್ವಲ್ಪ ಕಟ್ಟುನಿಟ್ಟು.

ಆಮೇಲೆ ಮೊಬೈಲಿನಲ್ಲಿ ‘ಹೂಂ ರೀ’ ಕೂಗನ್ನು ತೋರಿಸಿದರು. "ನೋಡ್ರಿ, ನಿಮ್ಮ ಹುಡುಗಿ ಇಲ್ಲೇ ಅದಾಳ. ಹೂಂ ಅಂದಾಳ."

"ಆಕಿ ಹೂಂ ಅಂದಿದ್ದು ನಿಮ್ಮ ಪಾಠಕ್ಕರಿ, ನಮ್ಮ ಒಲಿಗಲ್ಲ" ಎಂದ ಅಪ್ಪ, ನನ್ನ ಕಡೆ ತಿರುಗಿದರು. "ಆಕಿ ಕಲೀಲಿ ಸರ್, ಬ್ಯಾಡ ಅನ್ನೂದಿಲ್ಲ. ಆದ್ರ ಕ್ಲಾಸಿನ್ಯಾಗ ಬಾಯಿ ಬಿಡಬಾರ್ದು. ಬಿಟ್ಟಾಳಂದ್ರ ಅವತ್ತ ಕಾಲೇಜ್ ಬಿಡಸ್ತೇನಿ."

"ಹಂಗಾದ್ರ ಆತು ಬಿಡ್ರಿ!" ಎಂದು ಪ್ರಿನ್ಸಿಪಾಲರು ಹಗುರಾದರು. ಬಾಯಿ ಬಿಡದ ವಿದ್ಯಾರ್ಥಿ ಅವರಿಗೇನು ಭಾರವೇ? ತಪ್ಪು ಕ್ಯಾಮೆರಾದ್ದು, ಬೀಗ ಬಿದ್ದದ್ದು ಹುಡುಗಿಯ ಬಾಯಿಗೆ.

ರೇಣುಕಾ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಳು. ಬಾಯಿ ಬಿಡಲಿಲ್ಲ. ಅವಳ ಗತಿ ನೋಡಿ ಉಳಿದವರೂ ಬಿಡಲಿಲ್ಲ. "ತಿಳೀತೇನ್ರಿ?" ಎಂದರೆ "ಹೂಂ ರೀ." ಒಂದೂ ಪ್ರಶ್ನೆಯಿಲ್ಲದ, ಒಂದೂ ನಗೆಯಿಲ್ಲದ ಆದರ್ಶ ಪಾಠಗಳು ಸಾಲುಸಾಲಾಗಿ ತಯಾರಾದವು.

ತಡೆಯಲಾಗದೆ ನಾನೇ ಎಲೆಕ್ಟ್ರಿಷಿಯನ್ನನ್ನು ಹಿಡಿದು ತಂದೆ. ಕ್ಯಾಮೆರಾವನ್ನು ಮೊದಲ ಬೆಂಚಿನ ಮುಂದೆ ಸ್ಟ್ಯಾಂಡಿನ ಮೇಲೆ, ನನ್ನ ಮುಖಕ್ಕೇ ನಿಲ್ಲಿಸಿದೆ. ಮೈಕು ನನ್ನ ಕಾಲರಿಗೆ. ಯಾರಾದರೂ ಕೈ ಎತ್ತಿದರೆ ಎರಡನ್ನೂ ಬಂದ್ ಮಾಡುವುದೆಂದು ಸಾರಿದೆ. ಮುಂದಿನ ಬೆಂಚುಗಳಿಂದ ಒಂದೊಂದೇ ಕೈ ಏಳತೊಡಗಿತು. ಹಳೆಯ ವಿಡಿಯೋವನ್ನು ಹಟ ಹಿಡಿದು ತೆಗೆಸಿದೆ. ಊರೂರು ತಿರುಗಲು ಹೊರಟ ತುಣುಕನ್ನು ವಾಪಸು ಕರೆಸುವ ಸುತ್ತೋಲೆ ಮಾತ್ರ ಇನ್ನೂ ಬಂದಿಲ್ಲ.

"ನಿಮ್ಮ ಪಾಠ ನಡುನಡುವ ಕಡೀತೈತಲ್ರಿ" ಎಂದು ಪ್ರಿನ್ಸಿಪಾಲರು ಆಕ್ಷೇಪಿಸಿದರು.

"ಹೌದ್ರಿ. ಪಾಠ ನಡದಿದ್ದು ಅಲ್ಲೇ" ಎಂದೆ.

ಕೊನೆಗೊಂದು ದಿನ ಹಿಂದಿನ ಬೆಂಚಿನಿಂದ ರೇಣುಕಾಳ ಕೈ ಮೇಲೆದ್ದಿತು. ಸ್ವಿಚ್ಚು ಆರಿಸಿದೆ. ಅವಳ ಕಣ್ಣು ಇನ್ನೂ ಕ್ಯಾಮೆರಾದ ಮೇಲೇ ಇತ್ತು. ಪ್ಲಗ್ಗನ್ನೇ ಕಿತ್ತು ಎತ್ತಿ ತೋರಿಸಿದೆ. ಆಗ ಕೇಳಿದಳು. ಒಲೆಯ ಪ್ರಶ್ನೆಗಿಂತ ಹತ್ತು ಪಟ್ಟು ಚೆಂದದ ಪ್ರಶ್ನೆ. ನಕ್ಕು ನಕ್ಕು ನಾನು ಕುರ್ಚಿ ಹಿಡಿದು ಕುಳಿತೆ. ಇಡೀ ತರಗತಿ ಕೇಳಿತು, ಯಾವ ಊರಿಗೂ ಅದು ತಲುಪಲಿಲ್ಲ. ಅದೇನೆಂದು ಈಗ ನಿಮಗೆ ಹೇಳುವವನಿದ್ದೆ.

ರೇಣುಕಾ ಡಿಗ್ರಿ ಮುಗಿಸಿಯಾಗಿದೆ. ಇದನ್ನು ಬರೆದ ಮೇಲೆ ಫೋನ್ ಮಾಡಿ ಪೂರ್ತಿ ಓದಿ ಹೇಳಿ, "ಅಚ್ಚಿಗೆ ಕೊಡ್ಲೇನವಾ?" ಎಂದು ಕೇಳಿದೆ.

"ಹೂಂ ರೀ ಸರ್."

"ಯಾವ ಹೂಂ?"

ನಕ್ಕಳು. "ಒಲಿ ವಿಷಯ ಇರ್ಲಿ ಬಿಡ್ರಿ, ಅದು ಜಿಲ್ಲಾಕ್ಕೆಲ್ಲಾ ಗೊತ್ತೈತಿ. ಹೆಸರು, ಊರು ಬದಲ ಮಾಡ್ರಿ. ಕಡೀ ಪ್ರಶ್ನಿ ಮಾತ್ರ ತಗೀರಿ."

ಹೆಸರು, ಊರು ಬದಲಾಗಿವೆ. ಹಿರೇವಡ್ಡಟ್ಟಿಯವರು ಸುಮ್ಮನೆ ಎರಡು ಒಲೆಯ ಮನೆ ಹುಡುಕುತ್ತ ತಿರುಗಬೇಡಿ. ಆದರೆ ಆ ಪ್ರಶ್ನೆ ಬಿಡಲು ಮನಸ್ಸು ಒಪ್ಪಲಿಲ್ಲ.

"ಪ್ರಬಂಧದ ಜೀವಾನ ಅದರಾಗ ಐತಿ, ರೇಣುಕಾ."

"ಊಹೂಂ" ಎಂದಳು.

ಇಷ್ಟು ವರ್ಷ ಪಾಠ ಹೇಳಿದ್ದಕ್ಕೆ ಅಷ್ಟು ಸ್ಪಷ್ಟವಾದ ಉತ್ತರ ನನಗೆ ಯಾರಿಂದಲೂ ಸಿಕ್ಕಿರಲಿಲ್ಲ. ಪ್ರಶ್ನೆ ತೆಗೆದಿದ್ದೇನೆ.