ಆ ಸ್ಟೈಲೋ ಬೀಜ ಮಾರಿದವಳು

ಶಾಂತಕ್ಕ, ಆ ಸ್ಟೈಲೋ ಮೇವಿನ ಬೀಜ ಮಾರಿದ್ದು ನೀವಲ್ಲ — ನಾನು. ಅಂಗಡಿಯ ಮಾಲೀಕ ಸೇಠ್ ಕೇಳಿದಾಗ ನಿಮ್ಮ ಹೆಸರು ಹೇಳಿದವಳೂ ನಾನೇ.

ಮುಂಬೈ ಪಕ್ಕದ ಕಲ್ಯಾಣದ ಬೀಜದಂಗಡಿಯಲ್ಲಿ ನಾವಿಬ್ಬರೂ ಒಂದೇ ಕೌಂಟರಿನ ಹಿಂದೆ ನಿಲ್ಲುತ್ತಿದ್ದೆವು. ಉಡುಪಿ ಕಡೆಯಿಂದ ಮದುವೆಯಾಗಿ ಬಂದ ನನಗೆ ಮೇವಿನ ಬೀಜಗಳ ಗುರುತೇ ಇರಲಿಲ್ಲ. ಅಂಗೈ ಮೇಲಿಟ್ಟು ಒಂದೊಂದನ್ನೂ ಕಲಿಸಿದವರು ನೀವು. "ಜಯಾ, ಸ್ಟೈಲೋದ ಸಿಪ್ಪಿ ಭಾಳ ಗಟ್ಟಿ. ಬಿಸಿನೀರಾಗ ಹಾಕಿ ತಗದು ಬಿತ್ರಿ ಅಂತ ಹೇಳೋದು ಮರೀಬ್ಯಾಡ," ಎಂದಿದ್ದಿರಿ.

ಮರೆತೆ. ಆಡು ಸಾಕುವ ಪಾಟೀಲರು ತಮ್ಮ ಕಲ್ಲುಗುಡ್ಡದಲ್ಲಿ ಮೇವೂ ಆಗಲಿ, ಮಣ್ಣೂ ಹದಕ್ಕೆ ಬರಲಿ ಎಂದು ಫೋನಿನಲ್ಲಿ ಬೀಜ ಕೇಳಿದರು; ಟೆಂಪೋದಲ್ಲಿ ಕಳಿಸಿಬಿಟ್ಟೆ. ತಿಂಗಳ ಮೇಲೆ ಅವರು ಬಂದು ಕೂಗಾಡಿದರು — ಮೊಳಕೆ ಬಂದದ್ದು ಅಲ್ಲೊಂದು, ಇಲ್ಲೊಂದು. ಅಂದು ನೀವು ರಜೆ. ಬೀಜ ಕೊಟ್ಟವರು ಯಾರೆಂದು ಸೇಠ್ ನನ್ನತ್ತ ತಿರುಗಿದರು. "ಕಿಸನೇ ದಿಯಾ ಥಾ?"

"ಶಾಂತಾಬಾಯಿ."

ಮಾರನೆಯ ದಿನವೇ ನಿಮ್ಮನ್ನು ಕೆಲಸದಿಂದ ತೆಗೆದರು. ನೀವು ಎಷ್ಟು ಸಲ ಅಲ್ಲಗಳೆದಿರಿ! ನಾನು ಗೋಡೆಯ ಕಡೆ ಮುಖ ಮಾಡಿ ಪ್ಯಾಕೆಟ್ ಜೋಡಿಸುತ್ತಿದ್ದೆ.

ಬೇಸಿಗೆಯ ಬಿಸಿಲುಂಡು ಸಿಪ್ಪೆ ಸಡಿಲಾದ ಆ ಬೀಜ ಮರುವರ್ಷದ ಮಳೆಗೆ ತಾನಾಗಿಯೇ ಹುಟ್ಟಿತು. ಪಾಟೀಲರೇ ಬಂದು ಸಂತೋಷದಿಂದ ಹೇಳಿ ಹೋದರು. ಆಗಲಾದರೂ ನಾನು ಬಾಯಿಬಿಡಬಹುದಿತ್ತು...

ಆಮೇಲೆ ಅಂಗಡಿ ಮುಚ್ಚಿತು. ಡೊಂಬಿವ್ಲಿಯ ಖೋಲಿಯಲ್ಲಿ ನನ್ನ ಗಂಡ ಹಾಸಿಗೆ ಹಿಡಿದಿದ್ದರು. ಯಾರಿಂದ ತಿಳಿಯಿತೋ, ನಿಮ್ಮ ಫೋನ್ ಬಂತು. "ಘಣಸೋಲಿಯಾಗ ನರ್ಸರಿ ಇಟ್ಟೀನಿ. ಒಬ್ಬಾಕಿ ಕಡಿಂದ ಆಗವಲ್ದು. ನೀ ಬಾ."

ಆರು ವರ್ಷವಾಯಿತು. ಬರಡು ಮಣ್ಣಿನವರಿಗೆ, ಆಡು ಸಾಕುವವರಿಗೆ ನೀವು ಅದೇ ಸ್ಟೈಲೋ ಸಸಿ ಮಾಡಿ ಕೊಡುತ್ತೀರಿ. ನಾನು ನಿಮ್ಮ ಪಕ್ಕದಲ್ಲಿ ಕೂತು ಚೀಲಕ್ಕೆ ಮಣ್ಣು ತುಂಬುತ್ತೇನೆ. ಗಂಡ ಎದ್ದು ಓಡಾಡುತ್ತಿರುವುದು ನಿಮ್ಮ ದಯೆಯಿಂದ. ಮಧ್ಯಾಹ್ನ ರೊಟ್ಟಿ ಮುರಿದು ಮೊದಲ ತುಂಡು ನನಗೇ ಕೊಡುತ್ತೀರಿ. ಅದನ್ನು ಹೇಗೆ ನುಂಗಿದೆನೋ —

ನಿಮಗೆ ಎಲ್ಲ ಗೊತ್ತಿದ್ದೇ ಕರೆದಿರೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ಹಾಗಿದ್ದರೂ ನಾನು ಹೇಳಬೇಕಾದದ್ದು ತಪ್ಪುವುದಿಲ್ಲ.

ನಾಳೆ ಬೆಳಿಗ್ಗೆ ಈ ಕಾಗದವನ್ನು ನಿಮ್ಮ ಕೈಗೇ ಕೊಡುತ್ತೇನೆ. ಓದಿ ಮುಗಿಸುವವರೆಗೆ ಗೇಟಿನ ಹೊರಗೇ ನಿಂತಿರುತ್ತೇನೆ. ನೀವು ಹೋಗು ಎಂದರೆ ಹೋಗುತ್ತೇನೆ, ಶಾಂತಕ್ಕ — ಆದರೆ ಆರು ವರ್ಷ ನನ್ನ ಮನೆಯ ಒಲೆ ಉರಿದದ್ದು ನಿಮ್ಮಿಂದ ಎಂದು ಎದುರಿಗೇ ನಿಂತು ಹೇಳಿ ಹೋಗುತ್ತೇನೆ.