ಸುಮ್ಮನಿದ್ದ ತಟ್ಟೆಯ ಸಿಟ್ಟು

ಮನೆಯಲ್ಲೂ ಓಣಿಯಲ್ಲೂ ಅವನ ಹೆಸರು ‘ತಣ್ಣೀರು’. ತನ್ನ ಕಾಲು ತುಳಿದವರ ಬಳಿ ತಾನೇ ಕ್ಷಮೆ ಕೇಳುವ ಪ್ರಾಣಿ. ಇಂಥವನ ಹೊಟ್ಟೆಪಾಡೋ, ದಿನವಿಡೀ ಸಿಟ್ಟು ಬರಿಸುವುದು. ಪ್ರಯೋಗಾಲಯದ ತಟ್ಟೆಗಳಲ್ಲಿ ಸಾಕಿದ ಇಲಿಮಿದುಳಿನ ಕಾವಲು ಕೋಶಗಳಿಗೆ ಅವನು ಬ್ಯಾಕ್ಟೀರಿಯಾದ ವಿಷ ಹನಿಸಬೇಕು. ಶತ್ರು ನುಗ್ಗಿದನೆಂದು ಅವು ಉರಿದೆದ್ದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಉಗುಳುತ್ತವೆ. ಅನಿಲವೇನೋ ಬೇಗ ಮಾಯವಾಗುತ್ತದೆ, ಅದರ ಶೇಷ ಮಾತ್ರ ನೀರಲ್ಲಿ ಉಳಿಯುತ್ತದೆ. ಆ ನೀರಿಗೆ ಪರೀಕ್ಷೆಯ ಔಷಧಿ ಬೆರೆಸಿದರೆ ಗುಲಾಬಿ ಬಣ್ಣ. ಸಿಟ್ಟು ಹೆಚ್ಚಿದಷ್ಟೂ ಗುಲಾಬಿ ಗಾಢ. ಹೋಲಿಕೆಗೆಂದು ವಿಷ ಹಾಕದ ಒಂದು ತಟ್ಟೆಯೂ ಇರುತ್ತದೆ, ಅದರ ನೀರು ತಿಳಿಯಾಗಿಯೇ ಉಳಿಯಬೇಕು.

ಇದನ್ನು ಕೇಳಿದ ಹೆಂಡತಿ, ಅತ್ತೆಯನ್ನು ಪರೀಕ್ಷಿಸಲು ಒಂದು ಶೀಶೆ ಔಷಧಿ ತರಲು ಹೇಳಿದಳು. ಅದು ತಟ್ಟೆಯ ನೀರಿಗೆ ಮಾತ್ರ ಎಂದ. ಹಾಗಾದರೆ ಅತ್ತೆ ಕೈತೊಳೆದ ನೀರನ್ನೇ ಒಯ್ಯಿರಿ ಎಂದಳು.

ಅಷ್ಟರಲ್ಲಿ ಬಂತು ಗ್ರಹಚಾರ. ವಿಷ ಹಾಕದ ತಟ್ಟೆಯೂ ಗುಲಾಬಿಯಾಗತೊಡಗಿತು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುವೆನೆಂದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಗುಡುಗಿದರು. ಈ ಕೆಲಸ ಹೋದರೆ ಇನ್ನೆಲ್ಲಿ, ಯಾರ ಸಿಟ್ಟು ಕೆರಳಿಸಿ ಬದುಕುವುದು? ತಣ್ಣೀರು ಆ ತಟ್ಟೆಯ ಮುಂದೆ ಬಗ್ಗಿ ಪಿಸುಗುಟ್ಟಿದ, “ನಿನ್ನನ್ನ ಯಾರೂ ಏನೂ ಅಂದಿಲ್ವಲ್ಲಪ್ಪ, ನಿಂಗೇನಾಯ್ತು?”

ಬೆನ್ನ ಹಿಂದೆಯೇ ಮೇಡಂ ನಿಂತಿದ್ದರು. ಹುಚ್ಚೋ ಬೆಪ್ಪೋ ತಿಳಿಯದೆ, ಅವನು ಕೆಲಸ ಮಾಡುವುದನ್ನೇ ನೋಡುತ್ತ ಕುಳಿತರು. ಕೋಶಗಳಿಗೆ ಆಹಾರದ ದ್ರವ ಕೊಡುವ ಹೊತ್ತು. ಕೆರಳಿದವು ಪಾಪ ದಣಿದಿರುತ್ತವೆಂದು ಅವನು ಮೊದಲು ಅವುಗಳಿಗೆ ಕೊಟ್ಟ. ಎಲ್ಲ ಮುಗಿದ ಮೇಲೆ ಅದೇ ಕೊಳವೆಯಲ್ಲಿ ಸುಮ್ಮನಿದ್ದ ತಟ್ಟೆಗೆ.

“ಇದಕ್ಕೆ ಯಾಕ್ರೀ ಕೊನೇಲಿ?”

“ಅದು ಸುಮ್ನಿರುತ್ತಲ್ಲ ಮೇಡಂ, ಕಾಯುತ್ತೆ.”

“ಎಲ್ಲರ ವಿಷಾನೂ ತಂದು ಇದಕ್ಕೇ ಬಡಿಸಿದೀರಲ್ರೀ!”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿತ್ತು. ಕೊಳವೆಯ ತುದಿಗೆ ಅಂಟಿದ ಚೂರು ವಿಷವೇ ಸಾಕಾಗಿತ್ತು. ಮರುದಿನ ಹೊಸ ಕೊಳವೆ ಹಿಡಿದು ಸುಮ್ಮನಿದ್ದ ತಟ್ಟೆಗೇ ಮೊದಲು ಕೊಟ್ಟ. ನೀರು ತಿಳಿಯಾಗಿ ಉಳಿಯಿತು, ಅವನ ಕೆಲಸವೂ ಉಳಿಯಿತು.

ಆ ಸಂಜೆ ಊಟಕ್ಕೆ ಕುಳಿತಾಗ ಎಂದಿನಂತೆ ಅಮ್ಮ ಸೊಸೆಯನ್ನು ದೂರಿದಳು, ಸೊಸೆ ಮಕ್ಕಳನ್ನು ಗದರಿದಳು, ಮಕ್ಕಳು ಒಬ್ಬರನ್ನೊಬ್ಬರು ಗಿಲ್ಲಿದರು. ಸೌಟು ಇಷ್ಟೂ ಜನರನ್ನು ಸುತ್ತಿ, ತಳದಲ್ಲಿ ಸೀದದ್ದನ್ನು ಕೆರೆದುಕೊಂಡು ಕೊನೆಗೆ ಅವನ ಬಳಿ ಬರುವುದು ಮನೆಯ ವಾಡಿಕೆ. ತಣ್ಣೀರು ತನ್ನ ತಟ್ಟೆಯನ್ನೇ ದಿಟ್ಟಿಸಿದ.

“ಇವತ್ತು ನಂಗೆ ಮೊದಲು ಬಡಿಸು,” ಎಂದ.

ಮಕ್ಕಳ ಕೈ ಅಲ್ಲೇ ನಿಂತಿತು. ಅಮ್ಮ ಮಗನ ಮುಖ ನೋಡಿದಳು.

“ಇವನ ಮುಖ ಯಾಕೋ ಗುಲಾಬಿಗೆ ತಿರುಗಿದೆ ಕಣೇ.”

“ಹೌದತ್ತೆ,” ಎಂದಳು ಸೊಸೆ, ಆ ಮನೆಗೆ ಬಂದ ಮೇಲೆ ಮೊದಲ ಸಲ. ಸೌಟು ಅವನ ಕಡೆಗೆ ತಿರುಗಿತು.