ದೊಡ್ಡಮ್ಮನ ಬಳೆ ಮತ್ತು ನಮ್ಮ ಪ್ರಾಜೆಕ್ಟು

ಇಂಜಿನಿಯರಿಂಗ್ ಕೊನೇ ವರ್ಷದ ಪ್ರಾಜೆಕ್ಟಿಗೆ ಈ ವಿಷಯ ಸೂಚಿಸಿದ್ದು ಯಾರು ಎಂದು ಕೇಳಿದರೆ “ನಾನೇ” ಎನ್ನುತ್ತೇನೆ. ನನ್ನ ಜೊತೆ ಆ ಪ್ರಾಜೆಕ್ಟು ಮಾಡಿದ ಗೆಳತಿಯನ್ನು ಕೇಳಿದರೆ ಅವಳೂ “ನಾನೇ” ಎನ್ನುತ್ತಾಳೆ. ಆ ವರ್ಷದ ನನ್ನ ಡೈರಿಯಲ್ಲಿ “ವಿಷಯ ಸಿಕ್ಕಿತು” ಎಂದಷ್ಟೇ ಇದೆ. ಯಾರಿಗೆ ಸಿಕ್ಕಿತು ಎಂದು ಬರೆಯುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ.

ವಿಷಯವೇನೋ ನಮ್ಮ ಮನೆಗಳ ಅಟ್ಟದ ಮೇಲೇ ಇತ್ತು. ನಮ್ಮ ಕಡೆ ಕೊಬ್ಬರಿಗೆ ಬಿಟ್ಟ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಇಡುತ್ತಾರೆ. ಒಳಗಿನ ನೀರು ತಾನಾಗಿ ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ಆಗಿದೆಯೋ ಇಲ್ಲವೋ ತಿಳಿಯಲು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರಿದ್ದರೆ ಗುಳಕ್ ಎನ್ನುತ್ತದೆ, ಆಗಿದ್ದರೆ ಒಳಗೆ ಉಂಡೆ ಲೊಟಲೊಟ ಬಡಿಯುತ್ತದೆ. ಎರಡರ ನಡುವೆ ಇರುವ ಕಾಯಿಗಳಲ್ಲೇ ಎಲ್ಲ ಕಷ್ಟ. ಅವನ್ನು ಬೇಗ ಒಡೆದರೆ ಹಸಿ ಕೊಬ್ಬರಿ ಕೆಡುತ್ತದೆ. ಆ ಸದ್ದನ್ನು ಫೋನಿಗೆ ಕಲಿಸುವುದು ನಮ್ಮ ಕೆಲಸ. ಸಾಕಷ್ಟು ಕಾಯಿಗಳ ಸದ್ದು ಕೇಳಿಸಿ, ಯಾವುದು ಆಗಿದೆ ಯಾವುದು ಆಗಿಲ್ಲ ಎಂದು ಹೇಳಿಕೊಟ್ಟರೆ, ಮುಂದೆ ಅದು ತಾನೇ ಹೇಳಬೇಕು.

ಹೇಳಿಕೊಡುವವರು ಬೇಕಲ್ಲ. ತಿಪಟೂರಿನಲ್ಲಿ ಬಸ್ಸು ಹಿಡಿದು ಚಿಕ್ಕನಾಯಕನಹಳ್ಳಿ ದಾಟಿ ನನ್ನ ದೊಡ್ಡಮ್ಮನ ಊರಿಗೆ ಹೋದೆವು. ಆ ಮನೆಯ ಕಾಯಿಗೆಲ್ಲ ಕಿವಿ ಅವಳೇ.

“ನಾಕ್ ವರ್ಸ ಓದಿ ಕಾಯಿ ಅಲ್ಲಾಡ್ಸಕ್ಕೆ ಬಂದ್ರೇನವ್ವ?” ಎಂದಳು ದೊಡ್ಡಮ್ಮ.

“ಅಲ್ಲಾಡ್ಸೋದು ನೀವು ದೊಡ್ಡಮ್ಮ. ನಾವು ಫೋನ್ ಹಿಡ್ಕಳದು ಅಷ್ಟೇಯ,” ಎಂದಳು ಗೆಳತಿ.

“ಸರಿಹೋಯ್ತು. ಅದನ್ನೂ ಕಾಲೇಜಲ್ಲೇ ಹೇಳ್ಕೊಟ್ರಾ?”

ಎರಡು ಶನಿವಾರ ಅಟ್ಟದ ಹಲಗೆಗಳ ಮೇಲೆ ಕೂತು ರೆಕಾರ್ಡ್ ಮಾಡಿದೆವು. ದೊಡ್ಡಮ್ಮ ಅಲ್ಲಾಡಿಸಿ, “ಆಗೈತೆ” ಎಂದೋ “ಇನ್ನೂ ನೀರೈತೆ, ಬುಡು” ಎಂದೋ ಹೇಳುವಳು. ನಾನು ಫೋನ್ ಹಿಡಿಯುವೆ, ಗೆಳತಿ ಪುಸ್ತಕದಲ್ಲಿ ಗುರುತು ಹಾಕುವಳು. ಮಾತೆಲ್ಲ ಕತ್ತರಿಸಿ ಬರೀ ಸದ್ದು ಉಳಿಸುವ ಕೆಲಸವನ್ನೂ ಅವಳೇ ಲ್ಯಾಬಿನಲ್ಲಿ ಕೂತು ಮಾಡಿದಳು.

ಸದ್ದು ಕೇಳಿ ಕಲಿಯುವ ಪ್ರೋಗ್ರಾಂ, ಅಂದರೆ ನಮ್ಮ ಮಾಡೆಲ್, ಎಷ್ಟು ಬೇಗ ಕಲಿಯಿತೆಂದರೆ ನಮಗೇ ನಾಚಿಕೆಯಾಗುವಂತಿತ್ತು. ದೊಡ್ಡಮ್ಮನ ಕಾಯಿಗಳಲ್ಲಿ ಒಂದನ್ನೂ ತಪ್ಪು ಹೇಳಲಿಲ್ಲ. ನಾವು ಲ್ಯಾಬಿನಲ್ಲಿ ಬೀಗುತ್ತಾ ಓಡಾಡಿದೆವು. ಪ್ರಾಜೆಕ್ಟಿನ ವೈವಾ ಪರೀಕ್ಷೆಗೆ ಇನ್ನೊಂದು ವಾರವಿದೆ ಎನ್ನುವಾಗ ಗೆಳತಿಯ ಮನೆಯಿಂದ ಬೇರೆ ಕಾಯಿ ತಂದು ನಾನೇ ಅಲ್ಲಾಡಿಸಿದೆ. ಫೋನು ಎಲ್ಲವನ್ನೂ “ಆಗಿಲ್ಲ” ಎಂದಿತು. ಲೊಟಲೊಟ ಎನ್ನುವ ಕಾಯಿಯನ್ನೂ “ಆಗಿಲ್ಲ” ಎಂದಿತು.

“ನಿಂಗೆ ಅಲ್ಲಾಡ್ಸಕ್ಕೂ ಬರಲ್ಲ ಕಣೇ, ಕೊಡಿಲ್ಲಿ,” ಎಂದು ಗೆಳತಿ ಕೈ ಚಾಚಿದಳು. ಹಿಂದಿನ ದಿನ ಅಕ್ಕನ ಸೀಮಂತ ಮುಗಿಸಿ ಬಂದಿದ್ದವಳು, ಕೈತುಂಬ ಗಾಜಿನ ಬಳೆ. ಕಾಯಿ ಇನ್ನೂ ನನ್ನ ಕೈಯಲ್ಲೇ ಇತ್ತು. ಬಳೆ ಘಲ್ ಎಂದಿತು. ಫೋನು “ಆಗಿದೆ” ಎಂದಿತು.

ನಾನು ಕಾಯಿಯನ್ನು ಮೇಜಿನ ಮೇಲಿಟ್ಟೆ. ಅವಳು ಬಳೆಯ ಕೈಯನ್ನಷ್ಟೇ ಇನ್ನೊಮ್ಮೆ ಅಲ್ಲಾಡಿಸಿದಳು. “ಆಗಿದೆ.”

ಹಳೆಯ ತುಣುಕುಗಳನ್ನು ಮತ್ತೆ ಕೇಳಿದಾಗ ಗೊತ್ತಾಯಿತು. ನೀರಿರುವ ಕಾಯಿಯನ್ನು ದೊಡ್ಡಮ್ಮ ಒಂದೇ ಸಲ ಅಲ್ಲಾಡಿಸಿ ಪಕ್ಕಕ್ಕಿಡುತ್ತಿದ್ದಳು. ಆಗಿರುವ ಕಾಯಿಯಾದರೆ ಸಂತೋಷಕ್ಕೋ ಏನೋ ಎರಡು ಮೂರು ಸಲ ಅಲ್ಲಾಡಿಸುವಳು. ಬಳೆ ಜಾಸ್ತಿ ಸದ್ದು ಮಾಡಿದರೆ ಕಾಯಿ ಆಗಿದೆ ಎಂದರ್ಥ. ನಮ್ಮ ಮಾಡೆಲ್ ಕಲಿತದ್ದು ಇಷ್ಟೇ. ಕೊಬ್ಬರಿಯ ಗೊಡವೆಗೇ ಅದು ಹೋಗಿರಲಿಲ್ಲ.

ಗೆಳತಿಯ ಮುಖ ಬಾಡಿತು. ಕಾಮಾಲೆಯಾಗಿ ಅವಳದು ಆಗಲೇ ಒಂದು ವರ್ಷ ಹೋಗಿತ್ತು. ಪ್ರಾಜೆಕ್ಟು ಬಿದ್ದರೆ ಇನ್ನೊಂದು ವರ್ಷ, ಅದೂ ತನಗಿಂತ ಚಿಕ್ಕವರ ಜೊತೆ. ನನಗೂ ಒಂದು ವರ್ಷ ಹೋಗುತ್ತಿತ್ತು, ಆದರೆ ಅವಳಿಗದು ಎರಡನೆಯದು.

“ವೈವಾ ದಿನ ನಾನೇ ಬಳೆ ಹಾಕ್ಕಂಡು ಅಲ್ಲಾಡಿಸ್ತೀನಿ ಬುಡು,” ಎಂದಳು. “ಆಗಿರೋದ್ಯಾವ್ದು ಅಂತ ನಂಗೆ ಗೊತ್ತಾಗುತ್ತಲ್ಲ. ಅದನ್ನ ಎರಡ್ಸಲ ಅಲ್ಲಾಡ್ಸುದ್ರಾಯ್ತು.”

ಮೋಸ ಬೇಡವೆಂದು ನಾನು ತಡೆದೆ. ಹೀಗಂತ ಎಷ್ಟೋ ಜನರಿಗೆ ಹೇಳಿದ್ದೇನೆ. ಡೈರಿ ತೆಗೆದರೆ ಆ ದಿನದ ಸಾಲು ಬೇರೆಯೇ ಹೇಳುತ್ತದೆ: “ಎಕ್ಸ್‌ಟರ್ನಲ್ ಪರೀಕ್ಷಕರು ಗಂಡಸಾಗಿದ್ದು, ಕಾಯಿ ಅವರೇ ಹಿಡಿದರೆ?” ಕೆಳಗೆ, “ಮಧ್ಯಾಹ್ನ ಚಿತ್ರಾನ್ನ.” ನನ್ನ ಪ್ರಾಮಾಣಿಕತೆಯ ದಾಖಲೆ ಸದ್ಯಕ್ಕೆ ಇಷ್ಟೇ ಸಿಕ್ಕಿರುವುದು.

ನಮ್ಮ ಗೈಡ್ ಆಗಿದ್ದ ಮೇಷ್ಟ್ರಿಗೆ ಹೇಳಿದೆವು. ಅವರು ಬೈಯಲಿಲ್ಲ. “ಹೊಸದಾಗಿ ರೆಕಾರ್ಡ್ ಮಾಡ್ಕೊಂಡು ಬನ್ನಿ. ಈ ಬಳೆ ಕತೇನೂ ರಿಪೋರ್ಟಿಗೆ ಹಾಕಿ. ಎಲ್ಲ ಬ್ಯಾಚಿನೋರೂ ಸರಿಯಾಗಿದ್ದನ್ನೇ ಬರೀತಾರಮ್ಮ, ಓದಕ್ಕೆ ಬೇಜಾರು,” ಎಂದರು.

ಮಾರನೇ ದಿನವೇ ದೊಡ್ಡಮ್ಮನ ಅಟ್ಟ. ಬಳೆ ತೆಗೆಯುವ ಮಾತೇ ಇಲ್ಲ, ಮುತ್ತೈದೆಯ ಕೈ. ಟವಲು ಸುತ್ತಿದೆವು. ಎಲ್ಲ ಕಾಯಿಯನ್ನೂ ಎರಡೇ ಸಲ ಅಲ್ಲಾಡಿಸಬೇಕು ಎಂದಾಗ ಅವಳು ನಮ್ಮನ್ನೇ ನೋಡಿದಳು.

“ಆಗಿಲ್ದೇ ಇರೋದ್ನ ಎರಡ್ಸಲ ಯಾಕವ್ವ ಅಲ್ಲಾಡಿಸ್ಲಿ? ಎರಡ್ನೇ ಸಲಕ್ಕೆ ಆಗೋಯ್ತದಾ?”

“ಫೋನಿಗೆ ಗೊತ್ತಾಗ್ಲಿ ಅಂತ ದೊಡ್ಡಮ್ಮ.”

“ಭಲೇ ಶಿಷ್ಯನ್ನ ತಂದಿದೀರ ಬುಡು.”

ಆದರೂ ಅವಳ ಕೈ ಒಂದು ಸಲಕ್ಕೇ ನಿಲ್ಲುವುದು, ಇಲ್ಲವೇ ಮೂರಕ್ಕೆ ಹೋಗುವುದು. ಕೊನೆಗೆ ಗೆಳತಿ ಅವಳ ಮೊಣಕೈ ಹಿಡಿದುಕೊಂಡೇ ಕೂತಳು. ಹೊರಡುವಾಗ ದೊಡ್ಡಮ್ಮ ವೈವಾಕ್ಕೆಂದು ಮೂರು ಕಾಯಿ ಕೊಟ್ಟಳು. ಆಗಿರುವುದರ ತಳಕ್ಕೆ ಮಾತ್ರ ಸುಣ್ಣದ ಬೊಟ್ಟು.

ಹೊಸ ಮಾಡೆಲ್ ಹಳೆಯದರಷ್ಟು ಜಾಣನಾಗಿರಲಿಲ್ಲ. ಆಗಾಗ ತಪ್ಪುತ್ತಿತ್ತು. ಬಳೆಯ ಅಧ್ಯಾಯವನ್ನು ನಾನು ಬರೆದೆ. “ಪರೀಕ್ಷಿಸುವಾಗ ಈ ದೋಷವನ್ನು ನಾವು ಪತ್ತೆ ಮಾಡಿದೆವು” ಎಂದು ಅದರ ಮೊದಲ ಸಾಲು.

ಪರೀಕ್ಷೆಗೆ ಹೊರಗಿನ ಕಾಲೇಜಿನಿಂದ ಬಂದ ಎಕ್ಸ್‌ಟರ್ನಲ್ ಗಂಡಸೇ ಆಗಿದ್ದರು. ನಮ್ಮ ರಿಪೋರ್ಟಿನಲ್ಲಿ ಅವರು ಓದಿದ್ದು ಆ ಅಧ್ಯಾಯವೊಂದನ್ನೇ ಎಂದು ನನ್ನ ಅನುಮಾನ. “ಅಸಲು ರೆಕಾರ್ಡಿಂಗ್ ಒಂದು ಕೇಳಿಸಿ,” ಎಂದರು. ಗೆಳತಿ ಗಡಿಬಿಡಿಯಲ್ಲಿ ಲ್ಯಾಪ್‌ಟಾಪು ಎಳೆದುಕೊಂಡಳು. ಕತ್ತರಿಸಿದ ತುಣುಕು ತೆರೆಯುವ ಬದಲು ಮೊದಲ ಶನಿವಾರದ ಇಡೀ ಫೈಲು ತೆರೆದಳು. ಕೋಳಿ ಕೂಗು, ಹಲಗೆಯ ಕಿರ್ರು, ಆಮೇಲೆ ದೊಡ್ಡಮ್ಮನ ದನಿ:

“ಬಳೆ ಸದ್ದು ಬತ್ತೈತಲ್ಲೇ, ಸೆರಗು ಸುತ್ಕಳ್ಳಾ?”

ಅದರ ಹಿಂದೆಯೇ ನನ್ನ ದನಿ: “ಬ್ಯಾಡ ಬುಡು ದೊಡ್ಡಮ್ಮ, ಅದೇನೂ ಆಗಲ್ಲ.”

ನನಗದು ಎಳ್ಳಷ್ಟೂ ನೆನಪಿರಲಿಲ್ಲ. ಕತ್ತರಿಸಿದವಳಿಗಾದರೂ ನೆನಪಿರಬೇಕಿತ್ತು. ಮಾತು ಬಂದ ಕಡೆ ಕೇಳದೆಯೇ ಕತ್ತರಿಸುತ್ತಿದ್ದೆ ಎಂದು ಆಮೇಲೆ ಹೇಳಿದಳು. ಎಕ್ಸ್‌ಟರ್ನಲ್ ರಿಪೋರ್ಟು ನೋಡಿದರು, ನಮ್ಮನ್ನು ನೋಡಿದರು.

“ಇಲ್ಲಿ ‘ನಾವು ಪತ್ತೆ ಮಾಡಿದೆವು’ ಅಂತಿದೆ.”

“ಸರ್, ಆ ದನಿ ನಂದಲ್ಲ,” ಎಂದಳು ಗೆಳತಿ, ತಕ್ಷಣ.

ಮೇಷ್ಟ್ರು ಕೆಮ್ಮಿದರು. ನಮ್ಮ ವರ್ಷ ಹೋಯಿತು ಎಂದುಕೊಂಡೆ. ಎಕ್ಸ್‌ಟರ್ನಲ್ ನಗಲಿಲ್ಲ. ಮೂರು ಕಾಯಿಯನ್ನೂ ತಾವೇ ಒಂದೊಂದಾಗಿ ಎತ್ತಿ, ನಮ್ಮ ಫೋನಿನ ಮುಂದೆ ಎರಡೆರಡು ಸಲ ಅಲ್ಲಾಡಿಸಿ, ನಾವು ಹೇಳಿದ ಸುಣ್ಣದ ಗುರುತಿಗಾಗಿ ತಳ ನೋಡಿದರು. ಎರಡಕ್ಕೆ ಫೋನೂ ಸುಣ್ಣವೂ ಒಪ್ಪಿದವು. ಮೂರನೆಯದಕ್ಕೆ ಬೊಟ್ಟಿತ್ತು, ಫೋನು “ಆಗಿಲ್ಲ” ಎಂದಿತು. ಅಟೆಂಡರ್ ಮಚ್ಚು ತಂದು ಸಿಪ್ಪೆ ಕೆತ್ತಿ ಚಿಪ್ಪು ಒಡೆದರು. ಉಂಡೆ ಕೊಬ್ಬರಿ ಮೇಜಿನ ಮೇಲೆ ಉರುಳಿತು.

“ನೀವಿಬ್ಬರು, ನಿಮ್ಮ ದೊಡ್ಡಮ್ಮ, ಮೂವರಲ್ಲಿ ಒಬ್ಬರಂತೂ ಪಾಸು,” ಎಂದರು ಎಕ್ಸ್‌ಟರ್ನಲ್. ಆಮೇಲೆ ರಿಪೋರ್ಟನ್ನು ನಮ್ಮ ಕಡೆ ತಳ್ಳಿದರು. “ತಪ್ಪು ಮಾಡಿದ್ದನ್ನ ಬರೆದಿದೀರ, ಒಳ್ಳೇದು. ಅದನ್ನ ಮೊದಲೇ ಹೇಳಿದ್ದು ಯಾರು ಅಂತಲೂ ಬರೆದು ತನ್ನಿ, ಸಹಿ ಹಾಕ್ತೀನಿ.”

ಅವರ ಸಹಿ ಬಿದ್ದರೆ ಪಾಸಾದಂತೆ. ಹೊರಗೆ ಕಾರಿಡಾರಿನ ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡು “ನಾವು” ಎಂಬುದನ್ನು ಹೊಡೆದುಹಾಕಿ, ದೊಡ್ಡಮ್ಮನ ಹೆಸರು ಬರೆದು ಒಯ್ದೆವು. ಸಹಿ ಬಿತ್ತು. ಒಡೆದ ಕೊಬ್ಬರಿಯನ್ನು ಬಸ್‌ಸ್ಟ್ಯಾಂಡಿನವರೆಗೂ ತಿಂದುಕೊಂಡು ಹೋದೆವು. ಗೆಳತಿ ದಾರಿಯುದ್ದಕ್ಕೂ “ಅದೇನೂ ಆಗಲ್ಲ” ಎಂದು ನನ್ನ ದನಿಯಲ್ಲೇ ಅಣಕಿಸಿದಳು.

ಆ ಹೆಸರನ್ನು ಕಿಟಕಿಯ ಹತ್ತಿರ ನಿಂತು ಬರೆದದ್ದು ನಾನೇ ಎಂದು ನನ್ನ ನೆನಪು. ಪೆನ್ನಿನ ಇಂಕು ಹಿಡಿಯದೆ ಎರಡು ಸಲ ತಿದ್ದಿದ್ದೂ ನೆನಪಿದೆ. ಕಳೆದ ತಿಂಗಳು ಕಾಲೇಜಿನ ಲೈಬ್ರರಿಗೆ ಹೋಗಿ ಆ ರಿಪೋರ್ಟು ತೆಗೆಸಿ ನೋಡಿದೆ. ಹೆಸರು ಅಲ್ಲೇ ಇದೆ, ಎರಡು ಸಲ ತಿದ್ದಿದೆ. ಅಕ್ಷರ ಗೆಳತಿಯದು.